ಮನಸ್ಸಿನ ನೋವು, ಮೈಯ ಕಾಯಿಲೆ: ಯಾವುದು ನಿಜ, ಯಾವುದು ಸುಳ್ಳು?

ಕಾಯಿಲೆ ಬಿದ್ದವರನ್ನು ನೋಡಲು ಬಂದವರು ಹಣ್ಣಿನ ಜೊತೆಗೆ ಒಂದು ಮಾತನ್ನೂ ತರುತ್ತಾರೆ: ‘ತುಂಬಾ ಯೋಚನೆ ಮಾಡ್ತೀರಿ, ಅದಕ್ಕೇ ಹೀಗಾಗಿದೆ.’ ಭಾವನೆಗಳು ದೇಹವನ್ನು ತಟ್ಟುವುದು ನಿಜ. ಆದರೆ ಎಲ್ಲದಕ್ಕೂ ಮನಸ್ಸನ್ನೇ ಹೊಣೆ ಮಾಡಿದರೆ ಚಿಕಿತ್ಸೆ ತಡವಾಗುತ್ತದೆ, ರೋಗಿಗೆ ತಪ್ಪಿತಸ್ಥ ಭಾವವೂ ಅಂಟಿಕೊಳ್ಳುತ್ತದೆ.

ತಪ್ಪು ಕಲ್ಪನೆ: ಟೆನ್ಷನ್ ಮಾಡಿಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಸತ್ಯ: ವೈದ್ಯರೂ ಬಹುಕಾಲ ಹೀಗೇ ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕಾರಣ ಎಂದಾಗ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಬಾಯಿ ನಾತ ಹೊಡೆಯತೊಡಗಿತು; ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರದಲ್ಲಿ ಉರಿಯೂತ ಕಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಮತ್ತು ಕೆಲವು ಬಗೆಯ ನೋವಿನ ಮಾತ್ರೆಗಳೇ ಹುಣ್ಣಿಗೆ ಮುಖ್ಯ ಕಾರಣ.

ತಪ್ಪು ಕಲ್ಪನೆ: ಬಿಪಿ ಸಿಟ್ಟಿನವರ ಕಾಯಿಲೆ, ಶಾಂತ ಸ್ವಭಾವದವರಿಗೆ ಬರುವುದಿಲ್ಲ.

ಸತ್ಯ: ಸಿಟ್ಟು ಬಂದಾಗ ರಕ್ತದೊತ್ತಡ ಏರುತ್ತದೆ, ಸಿಟ್ಟಿಳಿದ ಮೇಲೆ ಇಳಿಯುತ್ತದೆ. ಇಳಿಯದೆ ಏರಿಯೇ ಇರುವ ಒತ್ತಡವೇ ಕಾಯಿಲೆ. ವಯಸ್ಸು, ವಂಶ, ಉಪ್ಪು, ತೂಕ, ಮದ್ಯಪಾನ ಇವೆಲ್ಲ ಅದರ ಹಿಂದಿರುತ್ತವೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಮನಸ್ಸು ನೆಮ್ಮದಿಯಾಗಿದೆಯೆಂದು ಮಾತ್ರೆ ನಿಲ್ಲಿಸುವುದು ಅಪಾಯ.

ತಪ್ಪು ಕಲ್ಪನೆ: ದುಃಖವೆಲ್ಲ ಮನಸ್ಸಿಗೆ, ಮೈಗೇನೂ ಆಗುವುದಿಲ್ಲ.

ಸತ್ಯ: ಆಪ್ತರ ಸಾವಿನಂಥ ಆಘಾತದಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಉಕ್ಕಿ, ಹೃದಯದ ಎಡ ಹೃತ್ಕುಕ್ಷಿ ಬಲೂನಿನಂತೆ ಉಬ್ಬಿಕೊಳ್ಳುವುದುಂಟು. ಜಪಾನಿನ ವೈದ್ಯರು 1990ರಲ್ಲಿ ಇದನ್ನು ‘ಟಾಕೊಟ್ಸುಬೊ’ ಎಂದು ಹೆಸರಿಸಿದರು. ಎದೆನೋವು ಥೇಟ್ ಹಾರ್ಟ್ ಅಟ್ಯಾಕಿನಂತೆಯೇ. ಆದರೆ ಅದಕ್ಕೆ ಕಾರಣವಾಗುವಂಥ ಅಡ್ಡಿ ರಕ್ತನಾಳದಲ್ಲಿ ಸಿಗುವುದಿಲ್ಲ. ಋತುಬಂಧ ಕಳೆದ ಹೆಂಗಸರಲ್ಲೇ ಇದು ಹೆಚ್ಚು. ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೂ ಆ ಕ್ಷಣದಲ್ಲಿ ಆಸ್ಪತ್ರೆಗೆ ಓಡಲೇಬೇಕು.

ಮೆಲ್ಲಗೆ ಕೊರೆಯುವ ಒತ್ತಡವೂ ಗುರುತು ಬಿಡುತ್ತದೆ. ಅಮೆರಿಕದ ಒಹಾಯೊದಲ್ಲಿ ಜಾನಿಸ್ ಕೀಕಾಲ್ಟ್-ಗ್ಲೇಸರ್ ಅವರ ತಂಡ, ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಚರ್ಮದ ಮೇಲೆ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದು ಮಾಯುವ ತನಕ ಗಮನಿಸಿತು. ಆ ಹೊಣೆಯಿಲ್ಲದ ಮಹಿಳೆಯರಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. 1995ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೂ ರೋಗಿಯ ಆರೈಕೆ ಮಾಡುವವರಿಗೂ ವಿಶ್ರಾಂತಿ ಬೇಕೆಂಬುದರತ್ತ ಬೊಟ್ಟು ಮಾಡುತ್ತದೆ.

ತಪ್ಪು ಕಲ್ಪನೆ: ಧೈರ್ಯವಾಗಿದ್ದವರು ಕ್ಯಾನ್ಸರ್ ಗೆಲ್ಲುತ್ತಾರೆ.

ಸತ್ಯ: ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ರೋಗಿಗಳನ್ನು ಕುರಿತ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಃಸ್ಥಿತಿಗೂ ಬದುಕುಳಿದ ಅವಧಿಗೂ ಸಂಬಂಧವೇ ಕಾಣಲಿಲ್ಲ. ಅತ್ತರೆ ಗಡ್ಡೆ ಬೆಳೆಯುವುದಿಲ್ಲ. ಆದರೂ ಖಿನ್ನತೆಗೆ ಚಿಕಿತ್ಸೆ ಬೇಕೇ ಬೇಕು. ಅದರಿಂದ ಊಟ, ನಿದ್ದೆ ಸುಧಾರಿಸುತ್ತವೆ, ಕಿಮೋಥೆರಪಿ ನಡುವೆ ನಿಲ್ಲುವ ಭಯವೂ ಕಡಿಮೆಯಾಗುತ್ತದೆ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುವ ಮನೆಯವರು ‘ಅಳಬೇಡಿ’ ಎಂದು ತಡೆಯುವ ಬದಲು, ರೋಗಿಯ ಬೇಸರವನ್ನೂ ನಿದ್ದೆಗೇಡನ್ನೂ ವೈದ್ಯರ ಮುಂದೆ ಹೇಳಬೇಕು.