ಕಾಲಿನ ಹುಣ್ಣಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಬಾರದೇ? ಸತ್ಯ ಇಲ್ಲಿದೆ

"ಕಾಲಿನ ಹುಣ್ಣಿಗೆ ಏನೂ ಸುತ್ತಬೇಡಿ. ಅರಿಶಿನ ಹಚ್ಚಿ ಗಾಳಿಗೆ ಬಿಡಿ, ತಾನಾಗಿಯೇ ಒಣಗುತ್ತದೆ." ಇಂಥ ಸಲಹೆಯನ್ನು ನೀವೂ ಕೇಳಿರಬಹುದು. ಅದು ಎಲ್ಲ ಹುಣ್ಣಿಗೂ ಸರಿಯೇ? ನಾವು ಪರಿಶೀಲಿಸಿದೆವು.

ಹುಣ್ಣು ಏಕೆ ಮಾಯುವುದಿಲ್ಲ?

ಕಾಲಿನಿಂದ ರಕ್ತ ಮೇಲಕ್ಕೆ ಹೋಗಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಅದನ್ನು ಪಂಪಿನಂತೆ ಮೇಲಕ್ಕೆ ತಳ್ಳುತ್ತವೆ. ಅದು ಕೆಳಗೆ ಜಾರದಂತೆ ರಕ್ತನಾಳದೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಈ ಕವಾಟಗಳು ಕೆಟ್ಟರೆ ರಕ್ತ ಕೆಳಗೇ ನಿಂತು ಒತ್ತಡ ಹೆಚ್ಚುತ್ತದೆ. ಕಾಲು ಊದುತ್ತದೆ, ಚರ್ಮ ಕಪ್ಪಾಗುತ್ತದೆ, ಕೊನೆಗೆ ಪಾದದ ಗಂಟಿನ ಸುತ್ತ ಹುಣ್ಣಾಗುತ್ತದೆ. ವೇರಿಕೋಸ್ ವೇನ್ಸ್ ಇರುವವರಲ್ಲಿ ಇದು ಕಾಣುತ್ತದೆ. ಮೇಲೆ ಏನೇ ಹಚ್ಚಿದರೂ ಒಳಗಿನ ಒತ್ತಡ ಇಳಿಯುವುದಿಲ್ಲ.

ಬ್ಯಾಂಡೇಜ್ ಏನು ಮಾಡುತ್ತದೆ?

ಕಂಪ್ರೆಷನ್ ಬ್ಯಾಂಡೇಜನ್ನು ಕಾಲ್ಬೆರಳಿನ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ ಸುತ್ತುತ್ತಾರೆ. ಪಾದದ ಗಂಟಿನ ಬಳಿ ಸಾಮಾನ್ಯವಾಗಿ 40 ಮಿ.ಮೀ. ಪಾದರಸದಷ್ಟು ಒತ್ತಡ, ಮೇಲೆ ಹೋದಂತೆ ಕಡಿಮೆ. ಇದರಿಂದ ಊತ ಇಳಿದು, ನಿಂತ ರಕ್ತ ಹೃದಯದತ್ತ ಸಾಗುತ್ತದೆ. ಬ್ಯಾಂಡೇಜ್ ಸುತ್ತಿದವರ ಹುಣ್ಣು ಸುತ್ತದವರಿಗಿಂತ ಬೇಗ ಮಾಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆಗಳು (2012, 2021) ಹೇಳುತ್ತವೆ.

ಹಾಗಾದರೆ ಮನೆಯಲ್ಲೇ ಸುತ್ತಿಕೊಳ್ಳಬಹುದೇ?

ಬೇಡ. ಕಾಲಿಗೆ ರಕ್ತ ತರುವ ನಾಳಗಳೇ ಕಟ್ಟಿಕೊಂಡಿದ್ದರೆ, ಬಿಗಿಯಾದ ಬ್ಯಾಂಡೇಜ್ ಇರುವ ರಕ್ತವನ್ನೂ ತಡೆದು ಕಾಲಿಗೇ ಅಪಾಯ ತರಬಹುದು. ಆದ್ದರಿಂದ ವೈದ್ಯರು ಮೊದಲು ಪಾದದ ಗಂಟಿನ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುತ್ತಾರೆ. ಈ ಅನುಪಾತ 0.8ಕ್ಕಿಂತ ಕಡಿಮೆಯಿದ್ದರೆ ತಜ್ಞರನ್ನು ಕೇಳದೆ ಬಿಗಿ ಬ್ಯಾಂಡೇಜ್ ಹಾಕುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳಗಳು ಗಟ್ಟಿಯಾಗಿ ಈ ಲೆಕ್ಕ ತಪ್ಪಾಗಿ ಹೆಚ್ಚು ತೋರಿಸಬಹುದು. ಅವರಿಗೆ ಇನ್ನಷ್ಟು ಎಚ್ಚರ ಬೇಕು.

ಬ್ಯಾಂಡೇಜ್ ಹಾಕಿದ ಮೇಲೆ ಬೆರಳುಗಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಅಥವಾ ನೋವು ಹೆಚ್ಚಾದರೆ ಕೂಡಲೇ ಬಿಚ್ಚಿ ವೈದ್ಯರನ್ನು ಕಾಣಿ. ಎಲ್ಲ ಸರಿಯಿದ್ದರೆ ಅದನ್ನು ಕಟ್ಟಿಕೊಂಡೇ ನಡೆದಾಡಿ. ಕುಳಿತಾಗ ಕಾಲನ್ನು ಮೇಲಿಡಿ. ಹುಣ್ಣು ಮಾಯ್ದ ಮೇಲೂ ವೈದ್ಯರು ಹೇಳಿದ ಬಿಗಿ ಕಾಲುಚೀಲ ಬಿಡಬೇಡಿ, ಇಲ್ಲದಿದ್ದರೆ ಹುಣ್ಣು ಮರಳಿ ಬರಬಹುದು.

ನಮ್ಮ ತೀರ್ಮಾನ

"ಏನೂ ಸುತ್ತಬೇಡಿ" ಎಂಬ ಮಾತು ಈ ಬಗೆಯ ಹುಣ್ಣಿಗೆ ತಪ್ಪು. "ಎಲ್ಲರೂ ಬಿಗಿಯಾಗಿ ಸುತ್ತಿ" ಎಂಬುದೂ ಅಷ್ಟೇ ತಪ್ಪು. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರವಾದರೂ ಕಾಲಿನ ಹುಣ್ಣು ಮಾಯದಿದ್ದರೆ ಫಾರ್ವರ್ಡ್ ಮೆಸೇಜ್ ನಂಬಿ ಕೂರದೆ ವೈದ್ಯರಿಗೆ ತೋರಿಸಿ.