ಮರೆವಿನ ಕಾಯಿಲೆ: ಹಗಲು ಆರೈಕೆ ಕೇಂದ್ರದಿಂದ ಏನು ಪ್ರಯೋಜನ?

ವಯಸ್ಸಾದವರು ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ಆದರೆ ಊಟ ಮಾಡಿದ್ದೇ ನೆನಪಿಲ್ಲದಿರುವುದು, ನಿತ್ಯ ಓಡಾಡುವ ಬೀದಿಯಲ್ಲೇ ದಾರಿ ತಪ್ಪುವುದು, ಮಕ್ಕಳ ಗುರುತು ಹಿಡಿಯದಿರುವುದು ಸಹಜವಲ್ಲ. ಇದು ಡಿಮೆನ್ಷಿಯಾ ಎಂಬ ಮಿದುಳಿನ ಕಾಯಿಲೆಯ ಲಕ್ಷಣವಿರಬಹುದು. ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಥೈರಾಯ್ಡ್ ತೊಂದರೆ, ವಿಟಮಿನ್ ಬಿ-12 ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಆದ್ದರಿಂದ ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿ.

ಹಗಲು ಆರೈಕೆ ಕೇಂದ್ರ ಎಂದರೇನು?

ಇದು ವೃದ್ಧಾಶ್ರಮವಲ್ಲ. ಹಿರಿಯರು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುತ್ತಾರೆ. ಅಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ಲಘು ವ್ಯಾಯಾಮ, ಹಾಡು, ಪತ್ರಿಕೆ ಓದುವುದು, ಹೂ ಕಟ್ಟುವುದು, ಕಾಳು ಬೇರ್ಪಡಿಸುವುದು, ಚೌಕಾಬಾರ ಆಟ, ಸಮಯಕ್ಕೆ ಸರಿಯಾಗಿ ಊಟ, ಔಷಧಿ, ವಿಶ್ರಾಂತಿ ಇವು ಅಲ್ಲಿನ ದಿನಚರಿ.

ರೋಗಿಗೆ ಆಗುವ ಲಾಭ

ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಆದರೆ ಹೊಸ ನೆನಪು ನಿಲ್ಲದಿದ್ದರೂ ಕೈಗೆ ರೂಢಿಯಾದ ಕೆಲಸ, ಹಳೆಯ ಹಾಡು ಬಹುಕಾಲ ಉಳಿಯುತ್ತವೆ. ಅವನ್ನು ಬಳಸುವಾಗ "ನನ್ನಿಂದಲೂ ಆಗುತ್ತದೆ" ಎಂಬ ಧೈರ್ಯ ಬರುತ್ತದೆ. ದಿನವೂ ಒಂದೇ ಕ್ರಮ ಇದ್ದರೆ ಗಾಬರಿ ತಗ್ಗುತ್ತದೆ. ಹಗಲು ಚಟುವಟಿಕೆಯಿಂದಿದ್ದು ತೂಕಡಿಕೆ ಕಡಿಮೆಯಾದರೆ ರಾತ್ರಿ ನಿದ್ದೆಗೂ ಅನುಕೂಲ.

ಮನೆಯವರಿಗೆ ಆಗುವ ಲಾಭ

ನಮ್ಮ ಮನೆಗಳಲ್ಲಿ ಆರೈಕೆಯ ಭಾರ ಹೆಚ್ಚಾಗಿ ಹೆಂಡತಿ, ಸೊಸೆ ಅಥವಾ ಮಗಳ ಮೇಲೆ ಬೀಳುತ್ತದೆ. ಒಂದೇ ಪ್ರಶ್ನೆಗೆ ನೂರು ಸಲ ಉತ್ತರಿಸಿ, ರಾತ್ರಿ ನಿದ್ದೆಗೆಟ್ಟು, ಕೊನೆಗೆ ಅವರೇ ಹಾಸಿಗೆ ಹಿಡಿಯುವುದುಂಟು. ಹಿರಿಯರು ಕೇಂದ್ರಕ್ಕೆ ಹೋದ ದಿನಗಳಲ್ಲಿ ಮನೆಯವರ ಒತ್ತಡ ಕಡಿಮೆ ಇರುತ್ತದೆ ಎಂದು ಅಧ್ಯಯನಗಳು ತಿಳಿಸಿವೆ. "ಹೆತ್ತವರನ್ನು ಹೊರಗೆ ಕಳಿಸಿದರೆ ಜನ ಏನೆಂದಾರು?" ಎಂದು ಅಳುಕಬೇಡಿ. ಆರೈಕೆ ಮಾಡುವವರು ಗಟ್ಟಿಯಾಗಿದ್ದರೆ ತಾನೇ ಹಿರಿಯರು ಬಹುಕಾಲ ಮನೆಯಲ್ಲೇ ಇರಲು ಸಾಧ್ಯ!

ಸೇರಿಸುವ ಮುನ್ನ ಗಮನಿಸಿ

1. ಬಾಗಿಲು, ಗೇಟು ಭದ್ರವಾಗಿವೆಯೇ? ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯೇ? ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ ಇದ್ದಾರೆ? ತುರ್ತು ಸಂದರ್ಭದಲ್ಲಿ ಏನು ವ್ಯವಸ್ಥೆ?
2. ಔಷಧಿಗಳ ಪಟ್ಟಿ, ಕನ್ನಡಕ, ಶ್ರವಣಯಂತ್ರ, ಒಂದು ಜೊತೆ ಬಟ್ಟೆ, ನಿಮ್ಮ ಫೋನ್ ನಂಬರ್ ಬರೆದ ಚೀಟಿ ಕಳಿಸಿ.
3. ಅವರ ಹಿಂದಿನ ಉದ್ಯೋಗ, ಇಷ್ಟದ ತಿಂಡಿ, ಕರೆಯುವ ಹೆಸರು ಸಿಬ್ಬಂದಿಗೆ ತಿಳಿಸಿ.
4. ಮೊದಲ ಕೆಲವು ದಿನ ಹಟ ಮಾಡಬಹುದು. ವಾದ ಮಾಡಬೇಡಿ. ವಾರಕ್ಕೆ ಎರಡು ಮೂರು ದಿನ, ಸ್ವಲ್ಪ ಹೊತ್ತು ಕಳಿಸಿ ರೂಢಿ ಮಾಡಿಸಿ.

ಹಾಸಿಗೆ ಹಿಡಿದವರಿಗೆ ಇಂತಹ ಕೇಂದ್ರ ಸಾಮಾನ್ಯವಾಗಿ ಹೊಂದುವುದಿಲ್ಲ. ಜ್ವರ ಇದ್ದ ದಿನ ಕಳಿಸಬೇಡಿ. ಒಂದೆರಡು ದಿನದಲ್ಲೇ ಗೊಂದಲ ಒಮ್ಮೆಲೇ ಹೆಚ್ಚಾದರೆ ಅದು ಮೂತ್ರದ ಸೋಂಕು ಅಥವಾ ಬೇರೆ ತೊಂದರೆ ಇರಬಹುದು. ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.

ಕೇಂದ್ರ ಹತ್ತಿರದಲ್ಲಿ ಇಲ್ಲದಿದ್ದರೆ?

ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂತಹ ಸಂಸ್ಥೆಗಳು ಈ ಸೇವೆ ನೀಡುತ್ತಿವೆ. ಸಣ್ಣ ಊರುಗಳಲ್ಲಿ ಇಂತಹ ಕೇಂದ್ರಗಳು ವಿರಳ. ಆಗ ಮನೆಯಲ್ಲೇ ಸ್ನಾನ, ಊಟ, ನಡಿಗೆಗೆ ನಿಗದಿತ ಸಮಯ ಇಡಿ. ಬಟ್ಟೆ ಮಡಿಚುವಂತಹ ಸಣ್ಣ ಕೆಲಸ ಕೊಟ್ಟು ಮೆಚ್ಚಿ ಮಾತನಾಡಿ. ಸಂಜೆ ಗೊಂದಲ ಹೆಚ್ಚುವುದರಿಂದ ಕತ್ತಲಾಗುವ ಮೊದಲೇ ದೀಪ ಹಾಕಿ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಅಣ್ಣತಮ್ಮಂದಿರು, ನೆಂಟರು ಸರದಿಯಂತೆ ಹಿರಿಯರ ಜೊತೆ ಕೂತು, ದಿನವೂ ನೋಡಿಕೊಳ್ಳುವವರಿಗೆ ಬಿಡುವು ಕೊಡಲಿ. ಮಾಹಿತಿಗೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಹಿರಿಯರಿಗೆ ನಮ್ಮ ಹೆಸರು ಮರೆತುಹೋಗಬಹುದು. ಆದರೆ ನಮ್ಮ ದನಿಯಲ್ಲಿನ ಪ್ರೀತಿ, ಸಿಡುಕು ಎರಡೂ ಅವರಿಗೆ ತಿಳಿಯುತ್ತದೆ. ಸಂದೇಹಗಳಿದ್ದರೆ ವಾರ್ಡಿನ ದಾದಿಯರನ್ನು ಸಂಕೋಚವಿಲ್ಲದೆ ಕೇಳಿರಿ.