ಕರುಳಿನ ಚೀಲ ಇರುವವರು ಸ್ಕೋಪ್ ಪರೀಕ್ಷೆಗೆ ಹೋಗುವ ಮುನ್ನ

ಅಲ್ಸರೇಟಿವ್ ಕೊಲೈಟಿಸ್ ಔಷಧಕ್ಕೆ ಬಗ್ಗದಿದ್ದಾಗ, ಅಥವಾ ವಂಶಪಾರಂಪರ್ಯವಾಗಿ ಕರುಳಿನಲ್ಲಿ ನೂರಾರು ಪಾಲಿಪ್ ಬೆಳೆಯುವ ಕಾಯಿಲೆ ಇದ್ದಾಗ, ವೈದ್ಯರು ದೊಡ್ಡ ಕರುಳನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಸಣ್ಣ ಕರುಳಿನ ಕೊನೆಯ ಭಾಗವನ್ನು ಮಡಿಸಿ ಹೊಲಿದು, ಒಳಗೇ ಒಂದು ಚೀಲ ಮಾಡಿ ಗುದದ್ವಾರಕ್ಕೆ ಜೋಡಿಸುತ್ತಾರೆ. ಇದೇ ಜೆ-ಪೌಚ್. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲಿ ಈ ಬಗೆಯ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಈ ಚೀಲದಲ್ಲಿ ಉರಿಯೂತ ಬಂದಿದೆಯೇ, ಹೊಲಿಗೆಯ ಜಾಗ ಕಿರಿದಾಗಿದೆಯೇ ಎಂದು ಆಗಾಗ ಸ್ಕೋಪ್ ಹಾಕಿ ನೋಡುತ್ತಾರೆ.

ತೊಂದರೆ ಶುರುವಾಗುವುದು ತಯಾರಿಯಲ್ಲಿ. ಸಾಮಾನ್ಯ ಕೊಲೊನೋಸ್ಕೋಪಿಗೆ ಎರಡರಿಂದ ನಾಲ್ಕು ಲೀಟರ್ ಭೇದಿ ದ್ರಾವಣ ಕುಡಿಸುತ್ತಾರೆ. ಅದು ಸುಮಾರು 5 ಅಡಿ ಉದ್ದದ ದೊಡ್ಡ ಕರುಳನ್ನು ತೊಳೆಯಲಿಕ್ಕೆ. ಚೀಲ ಇರುವುದು 15ರಿಂದ 20 ಸೆಂ.ಮೀ. ಮಾತ್ರ. ಅದಕ್ಕೆ ಹೆಚ್ಚಿನವರಿಗೆ ಹಿಂದಿನ ದಿನ ಹಗುರ ಆಹಾರ, ತಿಳಿ ದ್ರವ, ಒಂದೆರಡು ಎನಿಮಾ ಸಾಕಾಗುತ್ತದೆ. ಕೆಲವರಿಗೆ ಸ್ವಲ್ಪ ದ್ರಾವಣ ಕೊಡುವುದುಂಟು. ಆದರೆ ಕೌಂಟರಿನಲ್ಲಿ ಎಲ್ಲರಿಗೂ ಕೊಡುವ ಅಚ್ಚು ಹಾಕಿದ ಚೀಟಿಯೇ ಇವರ ಕೈಗೂ ಬಂದುಬಿಡಬಹುದು. ಆದ್ದರಿಂದ ದಿನ ಗೊತ್ತುಮಾಡುವಾಗಲೇ “ದೊಡ್ಡ ಕರುಳು ತೆಗೆದಿದ್ದಾರೆ, ಪೌಚ್ ಇದೆ” ಎಂದು ಬಾಯಿಬಿಟ್ಟು ಹೇಳಿ, ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾಗದ ತೋರಿಸಿ, ತಯಾರಿ ಏನೆಂದು ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಹೊಟ್ಟೆಯ ಮೇಲಿನ ರಂಧ್ರದಿಂದ ನಳಿಗೆ ಹಾಕಿ ಖಾಲಿ ಮಾಡುವ ಕಾಕ್ ಪೌಚ್ ಇದ್ದವರ ಕ್ರಮವೇ ಬೇರೆ. ಅವರು ತಮ್ಮ ನಳಿಗೆಯನ್ನು ಜೊತೆಗೆ ಒಯ್ಯಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನೀರನ್ನೂ ಉಪ್ಪಿನಂಶವನ್ನೂ ಹೀರಿ ದೇಹಕ್ಕೆ ಮರಳಿಸುವುದು ದೊಡ್ಡ ಕರುಳಿನ ಕೆಲಸ. ಅದು ಇಲ್ಲದವರಿಗೆ ಭೇದಿಯಾದರೆ ಬೇಗ ನಿರ್ಜಲೀಕರಣವಾಗುತ್ತದೆ. ತಲೆಸುತ್ತು, ಕಾಲು ಸೆಳೆತ, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು ಅದರ ಗುರುತು, ಮೂತ್ರಪಿಂಡಕ್ಕೂ ಪೆಟ್ಟು.

ಸೂರ್ಯಾಸ್ತದ ನಂತರ ನೀರನ್ನೂ ಬಿಡುವ ನಿಯಮ ಇರುವ ಶ್ರಾವಕ-ಶ್ರಾವಿಕೆಯರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ರಾತ್ರಿ ಭೇದಿ ಔಷಧ ಕೆಲಸ ಮಾಡುತ್ತಿರುವಾಗ ಹನ್ನೆರಡು ಗಂಟೆ ನೀರಿಲ್ಲದೆ ಇರುವುದು ಅಪಾಯ. ಮಧ್ಯಾಹ್ನದ ಸಮಯ ಕೇಳಿಕೊಂಡರೆ, ಎನಿಮಾ ಮಾತ್ರ ಸಾಕೆಂದು ವೈದ್ಯರು ಹೇಳಿದಾಗ ಅದನ್ನು ಬೆಳಿಗ್ಗೆಯೇ ಮುಗಿಸಬಹುದು. ಸೂರ್ಯೋದಯದಿಂದ ಆಸ್ಪತ್ರೆ ಹೇಳಿದ ಗಡುವಿನವರೆಗೆ ದ್ರವ ಕುಡಿಯಬಹುದು. ರಾತ್ರಿಯೇ ಔಷಧ ಬೇಕೆಂದರೆ, ನಿಯಮ ಕೊಟ್ಟ ಮಹಾರಾಜರಲ್ಲಿ ಅಥವಾ ಮಾತಾಜಿಯವರಲ್ಲಿ ಮೊದಲೇ ನಿವೇದಿಸಿಕೊಂಡು ಮಾರ್ಗ ಕೇಳುವುದು ಒಳ್ಳೆಯದು. ಹಿಂದಿನ ರಾತ್ರಿ ಮನೆಯವರ ನಡುವೆ ವಾದ ಬೇಡ. ಪಂಚಾಂಗವನ್ನೂ ನೋಡಬೇಕು, ಮುಹೂರ್ತಕ್ಕಲ್ಲ: ಅಷ್ಟಮಿ, ಚತುರ್ದಶಿಯ ಉಪವಾಸದ ಮರುದಿನವೇ ತಯಾರಿಯ ದಿನ ಬಾರದಂತೆ.

ಆಸ್ಪತ್ರೆಯ ತಿಳಿ ದ್ರವದ ಪಟ್ಟಿಯಲ್ಲಿ ಜೆಲ್ಲಿ, ಸೂಪ್ ಇರುವುದುಂಟು. ಜೆಲ್ಲಿಯ ಜೆಲಾಟಿನ್ ಪ್ರಾಣಿಯ ಮೂಳೆ-ಚರ್ಮದಿಂದ ಬರುವಂಥದ್ದು, ಸೂಪು ಮಾಂಸದ್ದಾಗಿರಬಹುದು. ಬದಲಿಗೆ ಹಾಲಿಲ್ಲದ ಚಹಾ, ಸೋಸಿದ ಹೆಸರುಬೇಳೆ ಕಟ್ಟು, ಎಳನೀರು ಆಗಬಹುದೇ ಎಂದು ಕೇಳಿಕೊಳ್ಳಬೇಕು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಅದು ಓಆರ್‌ಎಸ್‌ಗೆ ಸಾಟಿಯಲ್ಲ. ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಬೇಕು, ಅಂದಾಜು ಬೇಡ. ಮಜ್ಜಿಗೆ, ಗಂಜಿ ತಿಳಿ ದ್ರವವಲ್ಲ. ಕೆಂಪು ಶರಬತ್ತು ಒಳಗೆ ರಕ್ತದಂತೆ ಕಾಣುತ್ತದೆ, ಅದೂ ಬೇಡ.

ಸಕ್ಕರೆ ಕಾಯಿಲೆಯ ಅಥವಾ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪದೇ ಪದೇ ಹೋಗಿ ಚರ್ಮ ಉರಿಯುತ್ತದೆ. ಒರೆಸುವ ಬದಲು ನೀರಿನಲ್ಲಿ ತೊಳೆದು ಜಿಂಕ್ ಮುಲಾಮು ಹಚ್ಚಿದರೆ ಹಿತ. ಎನಿಮಾಕ್ಕೆ ಮೊದಲು ಮಾತ್ರ ಮುಲಾಮು ಒರೆಸಿಬಿಡಬೇಕು.

ಪರೀಕ್ಷೆ ಬೇಗ ಮುಗಿಯುತ್ತದೆ. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೆ ಅಂದು ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ಬಯಾಪ್ಸಿ ತೆಗೆದಿದ್ದರೆ ಒಂದೆರಡು ಹನಿ ರಕ್ತ ಸಹಜ. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.